2835 ಅಂದ್ರ ಏನು? ಎಲ್‌ಇಡಿ ಚಿಪ್‌ನ ನಂಬರ್ ಓದೋದು ಹೆಂಗ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಒಂದು ನಂಬರ್ ಬಗ್ಗೆ. ಆ ನಂಬರ್ 2835. ಎಲ್‌ಇಡಿ ಬಲ್ಬ್ ಬಿಚ್ಚಿ ನೋಡಿದವರಿಗೆ, ಆನ್‌ಲೈನ್‌ನಲ್ಲಿ ಚಿಪ್ ತರಿಸಿದವರಿಗೆ ಇದು ಪರಿಚಯದ ನಂಬರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ನಮ್ಮನ್ನು ಕೇಳುವವರಲ್ಲಿ ಐಟಿಐ ಮುಗಿಸಿದವರಿದ್ದಾರೆ, ಮೊಬೈಲ್ ರಿಪೇರಿ ಜೊತೆಗೆ ಬಲ್ಬ್ ರಿಪೇರಿಯನ್ನೂ ಮಾಡುವವರಿದ್ದಾರೆ, ಮನೆಯಲ್ಲೇ ಒಂದು ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಕಲಿಯುತ್ತಿರುವವರೂ ಇದ್ದಾರೆ. ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಣ್ಣಾ, ಒಳಗಿದ್ದದ್ದೂ 2835, ನಾ ತರಿಸಿ ಹಾಕಿದ್ದೂ 2835. ಎರಡ ದಿನಕ್ಕ ಮತ್ತ ಸುಟ್ಟು ಹೋತು. ಯಾಕ?"

ಉತ್ತರ ಮೊದಲೇ ಹೇಳಿಬಿಡ್ತೀನಿ. 2835 ಅನ್ನೋದು ಚಿಪ್‌ನ ಅಳತೆ ಅಷ್ಟೇ. ಅದು ಎಷ್ಟು ವೋಲ್ಟ್‌ನ ಚಿಪ್, ಎಷ್ಟು ಕರೆಂಟ್ ತಡೀತದ, ಯಾವ ಬಣ್ಣದ ಬೆಳಕು ಕೊಡ್ತದ, ಇದ್ಯಾವುದನ್ನೂ ಆ ನಂಬರ್ ಹೇಳೋದಿಲ್ಲ. ಉಳಿದದ್ದನ್ನು ನಾವೇ ಕೇಳಿ ತಿಳ್ಕೋಬೇಕು. ಹೆಂಗ ಕೇಳಬೇಕು ಅನ್ನೋದು ಇವತ್ತಿನ ಮಾತು.

ಒಂದು ಚಿಪ್ ಹೋದ್ರ ಇಡೀ ಬಲ್ಬ್ ಕತ್ತಲು

2015ರ ಜನವರಿ 5ರಂದು ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. ಕಡಿಮೆ ದರಕ್ಕೆ 9 ವಾಟ್‌ನ ಎಲ್‌ಇಡಿ ಬಲ್ಬ್‌ಗಳು ಮನೆಗಳಿಗೆ ಬಂದವು. ಆಮೇಲೆ ಮಾರುಕಟ್ಟೆಯಲ್ಲೂ ದರ ಇಳಿಯಿತು. ಈಗ ಪಡಸಾಲೆ, ದನದ ಕೊಟ್ಟಿಗೆ, ತೋಟದ ಪಂಪ್‌ಸೆಟ್ ಮನೆ, ಎಲ್ಲಾ ಕಡೆ ಎಲ್‌ಇಡಿನೇ.

ಹಳೆಯ ಬಲ್ಬ್‌ನಲ್ಲಿ ತಂತಿ ಹರಿದರೆ ಕಥೆ ಮುಗೀತು, ಎಸೆಯೋದೇ. ಎಲ್‌ಇಡಿ ಬಲ್ಬ್ ಹಾಗಲ್ಲ. ಮೇಲಿನ ಬಿಳಿ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಒಂದು ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಒಂಬತ್ತೋ ಹತ್ತೋ ಹಳದಿ ಚಿಪ್‌ಗಳು ಕಾಣುತ್ತವೆ. ಅವನ್ನು ಸಾಮಾನ್ಯವಾಗಿ ಸಾಲಾಗಿ, ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಗಣಪತಿ ಹಬ್ಬದ ಹಳೇ ಸೀರಿಯಲ್ ಸೆಟ್ ನೆನಪು ಮಾಡ್ಕೊಳ್ರಿ, ಒಂದು ಹೋದ್ರ ಸಾಲೇ ಆರಿ ಹೋಗ್ತಿತ್ತು. ಇಲ್ಲೂ ಹಂಗೇ. ಕೆಟ್ಟ ಚಿಪ್‌ನ ನಡುವೆ ಅನೇಕ ಸಲ ಒಂದು ಕಪ್ಪು ಚುಕ್ಕಿ ಕಾಣಿಸುತ್ತದೆ. ಅದೊಂದನ್ನು ಬದಲಿಸಿದರೆ ಬಲ್ಬ್ ಮತ್ತೆ ಹತ್ತಬೇಕು.

ಬಲ್ಬ್ ರಿಪೇರಿ ಅನ್ನೋ ಕೆಲಸ ಹುಟ್ಟಿದ್ದೇ ಹಿಂಗ. ಆದರೆ ರಿಪೇರಿ ಮಾಡಿದ ಬಲ್ಬ್ ಎರಡು ದಿನಕ್ಕೆ ವಾಪಸ್ ಬಂದರೆ ಗಿರಾಕಿ ಚಿಪ್‌ಗೆ ಬಯ್ಯೋದಿಲ್ಲ, ಅಂಗಡಿಗೆ ಬಯ್ತಾನೆ. ಸಣ್ಣ ಊರಲ್ಲಿ ಒಬ್ಬನ ಮಾತು ಹತ್ತು ಮನೆಗೆ ಹೋಗ್ತದ. ಒಂದು ರೀಲ್ ತಪ್ಪು ಚಿಪ್ ಅಂದ್ರ ರೊಕ್ಕನೂ ಹೋತು, ಹೆಸರೂ ಹೋತು.

ನಾಲ್ಕು ಅಂಕಿ, ಎರಡು ಅಳತೆ

2835ನ್ನು ಎರಡು ಭಾಗ ಮಾಡಿ. 28 ಅಂದರೆ 2.8 ಮಿಲಿಮೀಟರ್, 35 ಅಂದರೆ 3.5 ಮಿಲಿಮೀಟರ್. ಚಿಪ್‌ನ ಅಗಲ ಮತ್ತು ಉದ್ದ. ಇದೇ ಲೆಕ್ಕದಲ್ಲಿ 5050 ಅಂದರೆ 5 ಮಿಲಿಮೀಟರ್ ಚೌಕ. 3030 ಅಂದರೆ 3 ಮಿಲಿಮೀಟರ್ ಚೌಕ. 5730 ಅಂದರೆ 5.7ಕ್ಕೆ 3. 3014 ಅಂದರೆ 3ಕ್ಕೆ 1.4.

ಪಹಣಿ ಲೆಕ್ಕದಾಗ ನೋಡ್ರಿ. ಪಹಣಿಯಲ್ಲಿ ಎರಡು ಎಕರೆ ಅಂತ ಬರೆದಿದ್ದರೆ ಹೊಲದ ವಿಸ್ತೀರ್ಣ ಗೊತ್ತಾಯಿತು. ಬೋರ್‌ನಲ್ಲಿ ನೀರು ಐತಿಲ್ಲೋ ಅಂತ ಆ ಎರಡು ಎಕರೆ ಅನ್ನೋ ಮಾತು ಹೇಳೋದಿಲ್ಲ. 2835 ಕೂಡ ವಿಸ್ತೀರ್ಣ. ಚಿಪ್ ಬೋರ್ಡ್ ಮೇಲೆ ಕೂಡುತ್ತದೆಯೇ ಎಂಬುದಕ್ಕೆ ಮಾತ್ರ ಅದು ಉತ್ತರ.

ಒಂದೇ ಅಳತೆಯ ಚಿಪ್‌ಗಳು ಎಷ್ಟು ಬೇರೆ ಇರಬಹುದು ಅನ್ನೋದಕ್ಕೆ 3528 ಒಳ್ಳೆಯ ಉದಾಹರಣೆ. ಅದೂ 3.5ಕ್ಕೆ 2.8, ಅಂಕಿ ತಿರುವಿ ಬರೆದದ್ದು ಅಷ್ಟೇ. ಆದರೆ 3528 ಹಳೆಯ ತಲೆಮಾರಿನ ಚಿಪ್, ಸುಮಾರು 20 ಮಿಲಿಆಂಪ್ ಕರೆಂಟ್‌ಗೆ ಮಾಡಿದ್ದು. 2835ರ ಹೊಟ್ಟೆಯ ಕೆಳಗೆ ಅಗಲವಾದ ಲೋಹದ ಪ್ಯಾಡ್ ಇರುತ್ತದೆ, ಬಿಸಿ ಅದರ ಮೂಲಕ ಬೋರ್ಡ್‌ಗೆ ಇಳಿಯುತ್ತದೆ. ಹಾಗಾಗಿ ಅದು ಹಲವು ಪಟ್ಟು ಹೆಚ್ಚು ಕರೆಂಟ್ ತಡೆಯುತ್ತದೆ. ಒಂದರ ಜಾಗಕ್ಕೆ ಇನ್ನೊಂದು ನಡೆಯೋದಿಲ್ಲ.

ಇಲ್ಲಿ ಇನ್ನೊಂದು ಗೊಂದಲ ಐತಿ, ಲಕ್ಷ ಕೊಡ್ರಿ. ಮೊಬೈಲ್ ಬೋರ್ಡ್, ರಿಮೋಟ್, ಚಾರ್ಜರ್‌ನಲ್ಲಿರುವ ಪುಟಾಣಿ ಇಂಡಿಕೇಟರ್ ಎಲ್‌ಇಡಿಗಳಿಗೆ 0603, 0805, 1206 ಅಂತ ನಂಬರ್ ಇರುತ್ತವೆ. ಇವು ಮಿಲಿಮೀಟರ್ ಅಲ್ಲ, ಇಂಚಿನ ನೂರನೇ ಭಾಗಗಳು. 0603 ಅಂದರೆ 0.06 ಇಂಚಿಗೆ 0.03 ಇಂಚು, ಅಂದರೆ ಸುಮಾರು 1.6ಕ್ಕೆ 0.8 ಮಿಲಿಮೀಟರ್. ಅದೇ ಚಿಪ್‌ಗೆ ಮಿಲಿಮೀಟರ್ ಲೆಕ್ಕದ ಹೆಸರು 1608. ಆರ್ಡರ್ ಮಾಡುವಾಗ ವಿವರದಲ್ಲಿ ಮಿಲಿಮೀಟರ್ ಅಳತೆಯನ್ನೂ ನೋಡಿಕೊಂಡರೆ ಗೊಂದಲ ಇರೋದಿಲ್ಲ.

ಮೂರರ ಮಗ್ಗಿ

ಈಗ ಮುಖ್ಯ ಪ್ರಶ್ನೆ, ವೋಲ್ಟ್.

ಬಿಳಿ ಎಲ್‌ಇಡಿ ಒಳಗೆ ಇರೋದು ನಿಜವಾಗಿ ನೀಲಿ ಬೆಳಕಿನ ಹರಳು. ಅದರ ಮೇಲೆ ಹಳದಿ ಫಾಸ್ಫರ್ ಲೇಪನ. ನೀಲಿಯೂ ಹಳದಿಯೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧ್ಯ ಮಾಡಿದ್ದಕ್ಕೇ ಜಪಾನ್ ಮೂಲದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಬಂತು. ಆ ಒಂದು ನೀಲಿ ಹರಳು ಹತ್ತಲು ಸುಮಾರು 3 ವೋಲ್ಟ್ ಬೇಕು.

ಒಂದೇ 2835 ಪ್ಯಾಕೇಜ್ ಒಳಗೆ ಕಂಪನಿಗಳು ಒಂದು ಹರಳನ್ನೂ ಇಡುತ್ತವೆ, ಎರಡು, ಮೂರು, ಆರನ್ನೂ ಸಾಲಾಗಿ ಇಡುತ್ತವೆ. ಹಾಗಾಗಿ ವೋಲ್ಟ್ ಮೂರರ ಮಗ್ಗಿಯಂತೆ ಬರುತ್ತದೆ. ಒಂದು ಹರಳು 3 ವೋಲ್ಟ್, ಎರಡಕ್ಕೆ 6, ಮೂರಕ್ಕೆ 9, ಆರಕ್ಕೆ 18. ಹನ್ನೆರಡು ಹರಳಿನ 36 ವೋಲ್ಟ್ ಚಿಪ್‌ಗಳೂ ಸಿಗುತ್ತವೆ. ಹೊರಗಿನಿಂದ ಎಲ್ಲವೂ ಒಂದೇ ಹಳದಿ ಚೌಕ.

ವೋಲ್ಟ್ ಗೊತ್ತಾದರೆ ಕರೆಂಟ್ ಲೆಕ್ಕ ಸುಲಭ. ವಾಟ್‌ನ್ನು ವೋಲ್ಟ್‌ನಿಂದ ಭಾಗಿಸಿ. 1 ವಾಟ್‌ನ 2835 ಚಿಪ್ ತಗೊಳ್ಳೋಣ.

3 ವೋಲ್ಟ್‌ನದು ಆದರೆ ಸುಮಾರು 330 ಮಿಲಿಆಂಪ್.
6 ವೋಲ್ಟ್‌ನದು ಆದರೆ ಸುಮಾರು 165 ಮಿಲಿಆಂಪ್.
9 ವೋಲ್ಟ್‌ನದು ಆದರೆ ಸುಮಾರು 110 ಮಿಲಿಆಂಪ್.
18 ವೋಲ್ಟ್‌ನದು ಆದರೆ ಸುಮಾರು 55 ಮಿಲಿಆಂಪ್.

ಇದಲ್ಲದೆ 0.2 ವಾಟ್, 0.5 ವಾಟ್‌ನ 2835 ಕೂಡ ಇವೆ. 3 ವೋಲ್ಟ್‌ನ 0.2 ವಾಟ್ ಚಿಪ್ ತಡೆಯೋದು 60 ಮಿಲಿಆಂಪ್ ಆಸುಪಾಸು ಅಷ್ಟೇ.

ಈಗ ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಬಲ್ಬ್‌ನಲ್ಲಿ 9 ವೋಲ್ಟ್‌ನ ಒಂಬತ್ತು ಚಿಪ್ ಸಾಲಾಗಿ ಇವೆ ಅನ್ಕೊಳ್ರಿ. ಒಟ್ಟು 81 ವೋಲ್ಟ್. ಡ್ರೈವರ್ 100 ಮಿಲಿಆಂಪ್ ಕೊಡುತ್ತದೆ. 81ಕ್ಕೆ 0.1 ಗುಣಿಸಿದರೆ 8.1 ವಾಟ್, ಅಂದರೆ 9 ವಾಟ್ ಬಲ್ಬ್‌ನ ಒಳಗಿನ ಲೆಕ್ಕ ಸರಿಹೋಯಿತು. ಒಂದು ಚಿಪ್ ಸುಟ್ಟಿದೆ. ಅದರ ಜಾಗಕ್ಕೆ ನೀವು 0.2 ವಾಟ್, 3 ವೋಲ್ಟ್‌ನ 2835 ಹಾಕಿದಿರಿ. ಅಳತೆ ಸರಿ, ಕೂತಿತು. ಸ್ವಿಚ್ ಹಾಕಿದಿರಿ, ಹತ್ತಿತು. ಆದರೆ ಡ್ರೈವರ್‌ಗೆ ನೀವು ಚಿಪ್ ಬದಲಿಸಿದ್ದು ಗೊತ್ತಿಲ್ಲ, ಅದು 100 ಮಿಲಿಆಂಪ್ ತಳ್ಳುತ್ತಲೇ ಇರುತ್ತದೆ. 60ಕ್ಕೆ ಮಾಡಿದ ಚಿಪ್ ಮೇಲೆ 100 ಹರಿದರೆ ಎಷ್ಟು ದಿನ ತಡೀತದ? ಎರಡು ದಿನಕ್ಕೆ ಸುಟ್ಟದ್ದರ ಗುಟ್ಟು ಇದೇ.

18 ವೋಲ್ಟ್‌ನ 1 ವಾಟ್ ಚಿಪ್ ಹಾಕಿದರೂ ಅದೇ ಗತಿ, ಅದು 55ಕ್ಕೆ ಮಾಡಿದ್ದು. 3 ವೋಲ್ಟ್‌ನ 1 ವಾಟ್ ಚಿಪ್ ಹಾಕಿದರೆ ಅದು ಸುಡೋದಿಲ್ಲ, 330 ತಡೆಯುವ ಚಿಪ್‌ಗೆ 100 ಏನೂ ಅಲ್ಲ. ಆದರೆ ಉಳಿದವುಗಳ ಮೂರನೇ ಒಂದು ಭಾಗದಷ್ಟು ಕೆಲಸ ಮಾಡುತ್ತದೆ, ಅಲ್ಲೊಂದು ಮಬ್ಬು ಕಾಣುತ್ತದೆ.

ಕೆಟ್ಟ ಚಿಪ್ ಜಾಗದಲ್ಲಿ ಒಂದು ಹನಿ ಸೀಸ ಹಾಕಿ ಶಾರ್ಟ್ ಮಾಡುವ ಉಪಾಯ ಯೂಟ್ಯೂಬ್‌ನಲ್ಲಿ ಎಲ್ಲರೂ ನೋಡಿರ್ತೀರಿ. ಹತ್ತುತ್ತದೆ, ಖರೆ. ಆದರೆ ಎಲ್ಲ ಬಿಡಿಭಾಗಗಳೂ ಅದೇ ಅಲ್ಯೂಮಿನಿಯಂ ತಟ್ಟೆ ಮೇಲಿರುವ ಅಗ್ಗದ ಬಲ್ಬ್‌ಗಳಲ್ಲಿ ಅನೇಕ ಸಲ ಲೀನಿಯರ್ ಐಸಿ ಇರುತ್ತದೆ. ಚಿಪ್‌ಗಳು ತಿಂದು ಉಳಿದ ವೋಲ್ಟ್ ಎಲ್ಲಾ ಆ ಐಸಿಯ ತಲೆ ಮೇಲೆ ಬೀಳುತ್ತದೆ. 9 ವೋಲ್ಟ್‌ನ ಒಂದು ಚಿಪ್ ತೆಗೆದು ಶಾರ್ಟ್ ಮಾಡಿದರೆ 100 ಮಿಲಿಆಂಪ್‌ನಲ್ಲಿ 0.9 ವಾಟ್ ಬಿಸಿ ಐಸಿಗೆ ಹೆಚ್ಚುವರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ, ಪತ್ರಾಸ್ ಛತ್ತಿನ ಕೆಳಗೆ, ಅದು ಸಣ್ಣ ಮಾತಲ್ಲ.

ಹಳೇ ಚಿಪ್ ಎಷ್ಟು ವೋಲ್ಟ್‌ನದು ಅಂತ ತಿಳಿಯೋದು ಹೆಂಗ

ಮೊದಲು ಬೋರ್ಡ್ ಮೇಲಿನ ಅಕ್ಷರ ಓದಿ. ಕೆಲವು ಬೋರ್ಡ್‌ಗಳ ಮೇಲೆ '9ಸಿ1ಬಿ', '12ಸಿ2ಬಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಇದು ಚೀನಾದಿಂದ ಬಂದ ಗುರುತು. ಚೀನೀ ಭಾಷೆಯಲ್ಲಿ ಸಾಲು ಜೋಡಣೆಗೆ 'ಚುವಾನ್', ಸಮಾನಾಂತರ ಜೋಡಣೆಗೆ 'ಬಿಂಗ್' ಅಂತಾರೆ. 9ಸಿ1ಬಿ ಅಂದರೆ ಒಂಬತ್ತು ಚಿಪ್ ಸಾಲಾಗಿ, ಒಂದೇ ಸಾಲು. 12ಸಿ2ಬಿ ಅಂದರೆ ಹನ್ನೆರಡು ಹಂತ, ಪ್ರತಿ ಹಂತದಲ್ಲಿ ಎರಡೆರಡು ಚಿಪ್ ಪಕ್ಕಪಕ್ಕ.

ಆಮೇಲೆ ಡ್ರೈವರ್ ಬೇರೆ ಇದ್ದರೆ ಅದರ ಮೇಲಿನ ಚೀಟಿ ನೋಡಿ. 'ಔಟ್‌ಪುಟ್ 70–90 ವೋಲ್ಟ್, 100 ಮಿಲಿಆಂಪ್' ಅಂತ ಇದ್ದು, ಚಿಪ್ ಒಂಬತ್ತು ಇದ್ದರೆ, ಭಾಗಿಸಿ ನೋಡಿ. ಚಿಪ್‌ಗೆ 9 ವೋಲ್ಟ್ ಆಸುಪಾಸು ಬರುತ್ತದೆ. ಕ್ಯಾಲ್ಕುಲೇಟರ್ ಕೈಯಾಗೇ ಐತಲ್ರಿ.

ಎರಡೂ ಸಿಗದಿದ್ದರೆ ಅಳೆಯಬೇಕು. ಇಲ್ಲಿ ಮಲ್ಟಿಮೀಟರ್‌ನ ಡಯೋಡ್ ಮೋಡ್ ನಂಬಬೇಡಿ. ಸಾಮಾನ್ಯ ಮೀಟರ್ ಆ ಮೋಡ್‌ನಲ್ಲಿ 3 ವೋಲ್ಟ್ ಆಸುಪಾಸು ಮಾತ್ರ ಕೊಡುತ್ತದೆ. 9 ವೋಲ್ಟ್‌ನ ಚಿಪ್ ಚೆನ್ನಾಗಿದ್ದರೂ ಅದರಲ್ಲಿ ಹತ್ತೋದಿಲ್ಲ. ಒಳ್ಳೆಯ ಚಿಪ್‌ನ್ನೇ ಕೆಟ್ಟದ್ದು ಅಂತ ಕಿತ್ತು ಹಾಕುವ ಅಪಾಯ ಐತಿ.

ಅದರ ಬದಲು 24 ವೋಲ್ಟ್‌ನ ಒಂದು ಒಳ್ಳೆಯ ಅಡಾಪ್ಟರ್ ತಗೊಳ್ಳಿ. ಅದರ ಪ್ಲಸ್ ತಂತಿಗೆ ಅರ್ಧ ವಾಟ್‌ನ 2.2 ಕಿಲೋಓಮ್ ರೆಸಿಸ್ಟರ್ ಸಾಲಾಗಿ ಜೋಡಿಸಿ. ಬಲ್ಬ್‌ನ್ನು ಹೋಲ್ಡರ್‌ನಿಂದ ಪೂರ್ತಿ ಹೊರಗೆ ತೆಗೆದು, ಅದೇ ಬೋರ್ಡ್‌ನ ಒಂದು ಒಳ್ಳೆಯ ಚಿಪ್‌ನ ಎರಡು ತುದಿಗೆ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಚಿಪ್ ಮಂದವಾಗಿ ಹತ್ತುತ್ತದೆ. ಹತ್ತಿರುವಾಗಲೇ ಚಿಪ್ ಮೇಲಿನ ವೋಲ್ಟ್ ಮೀಟರ್‌ನಲ್ಲಿ ಓದಿ. ಸುಮಾರು 2.7 ಬಂದರೆ 3 ವೋಲ್ಟ್ ಚಿಪ್. 8ರ ಹತ್ತಿರ ಬಂದರೆ 9 ವೋಲ್ಟ್ ಚಿಪ್. 16ರ ಹತ್ತಿರ ಬಂದರೆ 18 ವೋಲ್ಟ್ ಚಿಪ್. ಕರೆಂಟ್ ಕೆಲವೇ ಮಿಲಿಆಂಪ್ ಇರೋದರಿಂದ ಓದು ಸ್ವಲ್ಪ ಕಡಿಮೆ ಬರುತ್ತದೆ, ಮೂರರ ಮಗ್ಗಿಯಲ್ಲಿ ಮೇಲಿನ ಸಂಖ್ಯೆ ಹಿಡಿದರೆ ಸಾಕು. ಹೊಸ ರೀಲ್ ಬಂದಾಗಲೂ ಮೊದಲ ಚಿಪ್‌ಗೆ ಇದೇ ಪರೀಕ್ಷೆ ಮಾಡಿ. ಚೀಟಿ ಮೇಲೆ ಬರೆದದ್ದು ಒಂದು, ಒಳಗಿರೋದು ಒಂದು ಆಗಿದ್ದರೆ ಅಲ್ಲೇ ಗೊತ್ತಾಗ್ತದ, ವಾಪಸ್ ಕಳಿಸೋ ದಿನ ಮುಗಿಯೋದಕ್ಕಿಂತ ಮೊದಲೇ.

ಕಂಪನಿ ನಂಬರ್ ಮತ್ತು ಇಂಡಿ ಲಿಂಬೆ

ಇಲ್ಲಿವರೆಗೆ ಹೇಳಿದ್ದು ಅಳತೆಯ ನಂಬರ್. ಒಳ್ಳೆಯ ಕಂಪನಿಯ ಚಿಪ್‌ಗೆ ಇದರ ಜೊತೆಗೆ ಪೂರ್ತಿ ಪಾರ್ಟ್ ನಂಬರ್ ಇರುತ್ತದೆ. ಸರಳವಾದ ಒಂದು ನಂಬರ್ ನೋಡೋಣ. ವಿಷೇ ಕಂಪನಿಯ ಕಾಲಿರುವ ಇಂಡಿಕೇಟರ್ ಎಲ್‌ಇಡಿ 'ಟಿಎಲ್‌ಎಚ್‌ಆರ್5400'. ನಾಲ್ಕನೇ ಅಕ್ಷರ 'ಆರ್' ಇದ್ದರೆ ಕೆಂಪು. ಅಲ್ಲಿ 'ಜಿ' ಬಂದರೆ ಹಸಿರು, 'ವೈ' ಬಂದರೆ ಹಳದಿ. ಮುಂದಿನ 5, ದುಂಡನೆ ತಲೆಯ 5 ಮಿಲಿಮೀಟರ್ ವ್ಯಾಸ. ಅದೇ ಕುಟುಂಬದ 'ಟಿಎಲ್‌ಎಚ್‌ಆರ್4400' 3 ಮಿಲಿಮೀಟರ್‌ನದು. ನೋಡಿದ್ರಿಲ್ಲ, ಅಲ್ಲಿ 4 ಅಂದರೆ 4 ಮಿಲಿಮೀಟರ್ ಅಲ್ಲ. ಹಾಗಾಗಿ ಒಂದು ಕಂಪನಿಯ ಲೆಕ್ಕವನ್ನು ಊಹೆ ಮೇಲೆ ಓದಬಾರದು, ಅದರ ಡೇಟಾಶೀಟ್ ತೆರೆದು ನೋಡಬೇಕು. ಪಾರ್ಟ್ ನಂಬರ್ ಟೈಪ್ ಮಾಡಿ ಪಕ್ಕದಲ್ಲಿ ಡೇಟಾಶೀಟ್ ಅಂತ ಹುಡುಕಿದರೆ ಪಿಡಿಎಫ್ ಸಿಗುತ್ತದೆ. ಪಾರ್ಟ್ ನಂಬರ್‌ನ ಬಿಡಿಸಿದ ಅರ್ಥ ಸಾಮಾನ್ಯವಾಗಿ ಅದರೊಳಗೇ ಒಂದು ಪಟ್ಟಿಯಲ್ಲಿ ಇರುತ್ತದೆ.

ಬಿಳಿ ಚಿಪ್‌ಗಳ ನಂಬರ್ ಇನ್ನೂ ಉದ್ದ, ಹದಿನೈದು ಇಪ್ಪತ್ತು ಅಕ್ಷರ. ಯಾಕಷ್ಟು ಉದ್ದ ಅಂದ್ರ, ಅದಕ್ಕೆ ಇಂಡಿ ಮಾರುಕಟ್ಟೆಗೆ ಹೋಗಬೇಕು. ಇಂಡಿ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಆದರೆ ಒಂದೇ ಗಿಡದ ಕಾಯಿಗಳೂ ಒಂದೇ ಥರ ಇರೋದಿಲ್ಲ. ದಪ್ಪ, ಸಣ್ಣ, ಹಸಿರು, ಹಳದಿ. ಬೇರೆ ಬೇರೆ ಮಾಡಿ, ದರ್ಜೆ ಪ್ರಕಾರ ಬೆಲೆ ಕಟ್ಟುತ್ತಾರೆ. ಎಲ್‌ಇಡಿ ಕಾರ್ಖಾನೆಯಲ್ಲೂ ಇದೇ ಕೆಲಸ. ಒಂದೇ ತಟ್ಟೆಯಲ್ಲಿ ತಯಾರಾದ ಸಾವಿರಾರು ಹರಳುಗಳಲ್ಲಿ ಕೆಲವು ಹೆಚ್ಚು ಬೆಳಕು ಕೊಡುತ್ತವೆ, ಕೆಲವು ಕಡಿಮೆ. ಕೆಲವು ತುಸು ನೀಲಿಗೆ, ಕೆಲವು ತುಸು ಹಳದಿಗೆ ತಿರುಗುತ್ತವೆ. ಯಂತ್ರಗಳು ಪ್ರತಿಯೊಂದನ್ನೂ ಹತ್ತಿಸಿ ಅಳೆದು ಬೇರೆ ಬೇರೆ ಡಬ್ಬಿಗೆ ಹಾಕುತ್ತವೆ. ಈ ದರ್ಜೆಗೆ 'ಬಿನ್' ಅಂತ ಹೆಸರು. ಉದ್ದ ನಂಬರ್‌ನ ಬಾಲದಲ್ಲಿರುವ ಅಕ್ಷರಗಳು ಹೆಚ್ಚಾಗಿ ಬಿನ್‌ಗಳೇ. ಒಂದು ಬೆಳಕಿನ ಪ್ರಮಾಣಕ್ಕೆ, ಒಂದು ಬಣ್ಣಕ್ಕೆ, ಒಂದು ವೋಲ್ಟ್‌ಗೆ.

ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2700, 3000 ಅಂದರೆ ಹಳದಿ ಬೆಳಕು. 4000 ನಡುವಿನದು. 6500 ಅಂದರೆ ನಮ್ಮ ಮನೆಗಳಲ್ಲಿ ಹೆಚ್ಚು ಕಾಣುವ ಬೆಳ್ಳನೆ ಬೆಳಕು. ಒಂದೇ ಬೋರ್ಡ್ ಮೇಲೆ ಎರಡು ಬೇರೆ ಬಿನ್‌ನ ಚಿಪ್ ಬಿದ್ದರೆ ಬಲ್ಬ್ ಸುಡೋದಿಲ್ಲ, ಆದರೆ ಟ್ಯೂಬ್‌ಲೈಟ್‌ನ ಒಂದು ತುದಿ ನೀಲಿ, ಇನ್ನೊಂದು ತುದಿ ಹಳದಿ ಕಾಣುತ್ತದೆ. ಹಾಗಾಗಿ ಬೋರ್ಡ್‌ನ ಎಲ್ಲಾ ಚಿಪ್ ಬದಲಿಸುವುದಾದರೆ ಒಂದೇ ರೀಲ್‌ನಿಂದ ತೆಗೆದು ಹಾಕಿ.

ಕೆಲವು ನಂಬರ್‌ಗಳು ಅಳತೆಯೂ ಅಲ್ಲ, ದರ್ಜೆಯೂ ಅಲ್ಲ, ಬರೀ ಹೆಸರು. ಸ್ಯಾಮ್‌ಸಂಗ್‌ನ 'ಎಲ್‌ಎಂ301ಬಿ' ಅಂಥದ್ದು. 301 ಅಂತ ಇದೆ ಅಂದುಕೊಂಡು 3ಕ್ಕೆ 1 ಮಿಲಿಮೀಟರ್ ಅಂತ ತಿಳಿಯಬಾರದು, ಅದು 3 ಮಿಲಿಮೀಟರ್ ಚೌಕದ 3030 ಪ್ಯಾಕೇಜ್‌ನಲ್ಲಿ ಬರುತ್ತದೆ.

ಟ್ರ್ಯಾಕ್ಟರ್ ಅಲಂಕಾರದವರು ಕೇಳ್ರಿ

ಟ್ರ್ಯಾಕ್ಟರ್, ಗೂಡ್ಸ್ ಗಾಡಿ, ಗಣಪತಿ ಮಂಟಪಕ್ಕೆ ಎಲ್‌ಇಡಿ ಪಟ್ಟಿ ಹಚ್ಚುವವರಿಗೆ 5050 ಗೊತ್ತು. ಆದರೆ 5050 ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಮಾನು ಬರುತ್ತವೆ. ಒಂದು ಸಾಮಾನ್ಯ ಕೆಂಪು-ಹಸಿರು-ನೀಲಿ ಚಿಪ್, ಆರು ಕಾಲು. ಇದರ ಪಟ್ಟಿ ಬಹಳವಾಗಿ 12 ವೋಲ್ಟ್‌ನದು, ಮೂರು ಮೂರು ಚಿಪ್‌ಗೆ ಒಂದು ಕತ್ತರಿಸುವ ಗೆರೆ ಇರುತ್ತದೆ. ಇನ್ನೊಂದು 'ಡಬ್ಲ್ಯೂಎಸ್2812ಬಿ', ನಾಲ್ಕು ಕಾಲು, ಚಿಪ್ ಒಳಗೇ ಒಂದು ಸಣ್ಣ ಐಸಿ. ಪ್ರತಿ ಚಿಪ್‌ನ ಬಣ್ಣವನ್ನು ಬೇರೆ ಬೇರೆ ಆಡಿಸಬಹುದು. ಇದು 5 ವೋಲ್ಟ್‌ನದು. ಎರಡೂ 5 ಮಿಲಿಮೀಟರ್ ಚೌಕ, ಎರಡನ್ನೂ 5050 ಅಂತ ಮಾರುತ್ತಾರೆ. 5 ವೋಲ್ಟ್‌ನ ಪಟ್ಟಿಯನ್ನು ಟ್ರ್ಯಾಕ್ಟರ್‌ನ 12 ವೋಲ್ಟ್ ಬ್ಯಾಟರಿಗೆ ನೇರ ಕೊಟ್ಟರೆ ಅಲ್ಲೇ ಮುಗೀತು. ಕಾಲು ಎಣಿಸ್ರಿ, ಪಟ್ಟಿ ಮೇಲೆ ಅಚ್ಚಾಗಿರುವ ವೋಲ್ಟ್ ಓದ್ರಿ, ಆಮೇಲೆ ತಂತಿ ಹಚ್ಚ್ರಿ.

ಡ್ರೈವರ್‌ನಲ್ಲಿರುವ ಉಳಿದ ನಂಬರ್‌ಗಳು

ಎಲ್ಲಾ ಚಿಪ್ ಸರಿ ಇದ್ದೂ ಬಲ್ಬ್ ಹತ್ತದಿದ್ದರೆ ತೊಂದರೆ ಡ್ರೈವರ್‌ನಲ್ಲಿ. ಅಲ್ಲಿನ ಬ್ರಿಡ್ಜ್ ರೆಕ್ಟಿಫೈಯರ್ ಮೇಲೆ 'ಎಂಬಿ6ಎಸ್' ಅಥವಾ 'ಎಂಬಿ10ಎಸ್' ಅಂತ ಇರುತ್ತದೆ. 6 ಅಂದರೆ 600 ವೋಲ್ಟ್, 10 ಅಂದರೆ 1000 ವೋಲ್ಟ್. 6ರ ಜಾಗಕ್ಕೆ 10 ನಡೆಯುತ್ತದೆ. ಬಿಡಿ ಡಯೋಡ್ '1ಎನ್4007' ಇದ್ದರೆ ಅದು 1000 ವೋಲ್ಟ್, 1 ಆಂಪ್. ಬೋರ್ಡ್ ಮೇಲೆ ಚಪ್ಪಟೆಯಾಗಿ ಅಂಟಿಸುವ ಅದರ ತಮ್ಮನ ಮೇಲೆ 'ಎಂ7' ಅಂತ ಮಾತ್ರ ಇರುತ್ತದೆ.

ರೆಸಿಸ್ಟರ್ ಮೇಲೆ 103 ಅಂತ ಇದ್ದರೆ 10ರ ಮುಂದೆ ಮೂರು ಸೊನ್ನೆ, ಅಂದರೆ 10,000 ಓಮ್. '2ಆರ್2' ಅಂತ ಇದ್ದರೆ 2.2 ಓಮ್, ನಡುವಿನ ಆರ್ ಅಕ್ಷರವೇ ದಶಮಾಂಶ ಚುಕ್ಕಿ. ಇಂಥ ಕಡಿಮೆ ಓಮ್‌ನ ರೆಸಿಸ್ಟರ್ ಐಸಿ ಪಕ್ಕದಲ್ಲಿದ್ದರೆ ಬಹುತೇಕ ಅದೇ ಚಿಪ್‌ಗಳಿಗೆ ಹೋಗುವ ಕರೆಂಟ್ ನಿಗದಿ ಮಾಡುವುದು. ಅದನ್ನು ಅಂದಾಜಿನ ಮೇಲೆ ಬದಲಿಸಬೇಡಿ.

ಕೆಪ್ಯಾಸಿಟರ್ ಮೇಲೆ 400 ವೋಲ್ಟ್ ಅಂತ ಇದ್ದರೆ 400ರದ್ದೇ ಹಾಕಿ. 'ಲೈನ್ ಬರೋದು 230, 250ರದ್ದು ಸಾಕಲ್ಲ' ಅಂತ ಅನ್ನಿಸಬಹುದು. ಆದರೆ 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಅದರ ತುದಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಲೈನ್ ವೋಲ್ಟೇಜ್ ಏರಿದರೆ ಇನ್ನೂ ಮೇಲೆ. 250ರ ಕೆಪ್ಯಾಸಿಟರ್ ಅಲ್ಲಿ ಸಿಡಿಯಬಹುದು.

ಡಬ್ಬಿ ಮೇಲಿನ ಓದು

ರಿಪೇರಿ ಮಾಡದವರಿಗೂ ಒಂದೆರಡು ಮಾತು. ಡಬ್ಬಿ ಮೇಲೆ 'ಬಿ22' ಅಂದರೆ ನಮ್ಮ ಮಾಮೂಲಿ ಎರಡು ಮೊಳೆಯ, 22 ಮಿಲಿಮೀಟರ್ ಕ್ಯಾಪ್. 'ಇ27' ಅಂದರೆ ತಿರುಗಿಸುವ, 27 ಮಿಲಿಮೀಟರ್ ಕ್ಯಾಪ್. 'ಟಿ8' ಟ್ಯೂಬ್ ಅಂದರೆ ವ್ಯಾಸ ಇಂಚಿನ ಎಂಟರಲ್ಲಿ ಎಂಟು ಭಾಗ, ಅಂದರೆ ಒಂದು ಇಂಚು. 'ಟಿ5' ಅಂದರೆ ಎಂಟರಲ್ಲಿ ಐದು. '865' ಅಂತ ಇದ್ದರೆ 8 ಬಣ್ಣಗಳನ್ನು ಸರಿಯಾಗಿ ತೋರಿಸುವ ಗುಣ 80ರ ಮೇಲೆ ಇದೆ ಅಂತ, 65 ಅಂದರೆ 6500 ಕೆಲ್ವಿನ್.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಐಎಸ್ ಗುರುತು. ಎಲ್‌ಇಡಿ ಬಲ್ಬ್‌ನ ಸುರಕ್ಷತೆಗೆ 'ಐಎಸ್ 16102' ಭಾಗ 1 ಎಂಬ ಮಾನದಂಡ ಇದೆ, ನೋಂದಣಿ ಕಡ್ಡಾಯ. ಗುರುತಿನ ಜೊತೆ 'ಆರ್' ಅಕ್ಷರ, ಮುಂದೆ 8 ಅಂಕಿ ಇರುತ್ತವೆ. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು ಅಂತ ತೋರಿಸುತ್ತದೆ. ಡಬ್ಬಿ ಮೇಲಿನ ಹೆಸರು ಒಂದು, ಆ್ಯಪ್‌ನಲ್ಲಿ ಬಂದ ಹೆಸರು ಸಂಬಂಧವೇ ಇಲ್ಲದ್ದು ಆದರೆ ಆ ಬಲ್ಬ್ ಬೇಡ. ಇದೇ ನಿಯಮ ನಮಗೂ ಅನ್ವಯ. ಕೆಟ್ಟ ಬಲ್ಬ್ ರಿಪೇರಿ ಮಾಡಿ ಗಿರಾಕಿಗೆ ವಾಪಸ್ ಕೊಡೋದು ಬೇರೆ. ಹೊಸ ಬಲ್ಬ್ ಜೋಡಿಸಿ, ಡಬ್ಬಿಗೆ ಹಾಕಿ, ಹೆಸರಿಟ್ಟು ಮಾರುವುದಾದರೆ ನೋಂದಣಿ ಬೇಕೇ ಬೇಕು.

ಜೀವದ ಮಾತು

ಒಂದು ಮಾತು ಕಟ್ಟುನಿಟ್ಟಾಗಿ ಹೇಳ್ತೀನಿ. ಮುಚ್ಚಳ ತೆಗೆದ ಬಲ್ಬ್‌ನ್ನು ಹೋಲ್ಡರ್‌ಗೆ ಹಾಕಿ, ಹತ್ತಿರುವಾಗ ಬೆರಳಿಂದ ಮುಟ್ಟಬೇಡಿ. ಚಿಪ್ 3 ವೋಲ್ಟ್‌ನದು, 9 ವೋಲ್ಟ್‌ನದು ಅಂತ ನಂಬಿ ಕೈ ಹಾಕುವವರಿದ್ದಾರೆ. ಅಗ್ಗದ ಬಲ್ಬ್‌ಗಳ ಡ್ರೈವರ್ ಮೇನ್ ಲೈನ್‌ನಿಂದ ಬೇರ್ಪಟ್ಟಿರೋದಿಲ್ಲ. ಚಿಪ್‌ನ ಎರಡು ತುದಿಗಳ ನಡುವೆ 9 ವೋಲ್ಟ್ ಇರಬಹುದು, ಆದರೆ ಚಿಪ್‌ಗೂ ನೀವು ನಿಂತ ನೆಲಕ್ಕೂ ನಡುವೆ ಪೂರ್ತಿ ಲೈನ್ ವೋಲ್ಟೇಜ್ ಇರಬಹುದು. ಸ್ವಿಚ್ ಆರಿಸಿದರೆ ಸಾಲದು, ಬಲ್ಬ್ ಹೋಲ್ಡರ್‌ನಿಂದ ಹೊರಗೆ ಬರಬೇಕು, ಕೆಪ್ಯಾಸಿಟರ್ ಖಾಲಿ ಆಗಬೇಕು. ಆಮೇಲೆ ಕೆಲಸ.

ರೊಕ್ಕ ಕೊಡೋಕಿಂತ ಮೊದಲು

ಆನ್‌ಲೈನ್‌ನಲ್ಲಿ ಚಿಪ್ ಆರ್ಡರ್ ಮಾಡುವಾಗ ಐದು ಪ್ರಶ್ನೆ ಕೇಳಿ. ಅಳತೆ ಎಷ್ಟು? ವೋಲ್ಟ್ ಎಷ್ಟು? ವಾಟ್ ಎಷ್ಟು, ಅಂದರೆ ಎಷ್ಟು ಮಿಲಿಆಂಪ್ ತಡೀತದ? ಎಷ್ಟು ಕೆಲ್ವಿನ್? ಕಂಪನಿ ಯಾವುದು, ಡೇಟಾಶೀಟ್ ಐತೇನು? ಜಾಹೀರಾತಿನಲ್ಲಿ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಇದ್ದು, ಉಳಿದ ಜಾಗದಲ್ಲಿ 'ಸೂಪರ್ ಬ್ರೈಟ್' ಅಂತ ಇದ್ದರೆ ಮುಂದಕ್ಕೆ ಸರೀರಿ. ಮಾರುವವನಿಗೆ ಮೆಸೇಜ್ ಮಾಡಿ ಕೇಳಿದರೂ ಉತ್ತರ ಬರದಿದ್ದರೆ ಅದೇ ಒಂದು ಉತ್ತರ.

ಬಿಚ್ಚಿದ ಪ್ರತಿ ಬಲ್ಬ್‌ನ ಬೋರ್ಡ್ ಫೋಟೊ ತೆಗೆದು, ಕಂಪನಿ ಹೆಸರು, ಚಿಪ್ ಎಷ್ಟು, ಅಳೆದ ವೋಲ್ಟ್ ಎಷ್ಟು ಅಂತ ಮೊಬೈಲ್‌ನಲ್ಲೇ ಒಂದು ಸಾಲು ಬರೆದಿಟ್ಟುಕೊಳ್ಳಿ. ಆರು ತಿಂಗಳಲ್ಲಿ ನಿಮ್ಮ ಊರಿಗೆ ಬರುವ ಬಲ್ಬ್‌ಗಳ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ಯಾವ ಚಿಪ್ ಎಷ್ಟು ತರಿಸಬೇಕು ಅನ್ನೋದನ್ನ ಆಗ ಯಾರನ್ನೂ ಕೇಳಬೇಕಾಗಿಲ್ಲ.

ಮುಂದಿನ ಸಲ ಸೋಲಾರ್ ಪ್ಯಾನಲ್ ಹಿಂದಿನ ಚೀಟಿ ಓದೋಣ, ಅದರಾಗೂ ಇಂಥ ಅಂಕಿ ಭಾಳ ಅದಾವ. ಅಲ್ಲೀತನಕ ಹುಷಾರಾಗಿರ್ರಿ. ನಮಸ್ಕಾರ.